ಹಾಸಿಗೆಗೊಂದು ಟ್ರೇಲರ್

ಹಳೆ ಟ್ರೇಲರ್ ಮಾರುವ ಅಂಗಳದಲ್ಲಿ, ಕಾರಿನ ನೆತ್ತಿಯ ಮೇಲೆ ಕಟ್ಟಿ ತಂದಿದ್ದ ಜೋಡಿ ಹಾಸಿಗೆಯ ಹಗ್ಗವನ್ನು ಗಂಡ ಹೆಂಡತಿ ಆಚೆಗೊಬ್ಬರು ಈಚೆಗೊಬ್ಬರು ನಿಂತು ಬಿಚ್ಚುತ್ತಿದ್ದರು. ಅವನ ಕಡೆಯ ಗಂಟುಗಳು ಬೇಗ ಬಿಚ್ಚಿಕೊಂಡವು. ಅವಳ ಕಡೆಯವು ಅವಳೇ ಬಿಗಿದವು, ಉಗುರಿಗೆ ಸಿಗಲಿಲ್ಲ. ಹಾಸಿಗೆ ಹೊತ್ತು ತರುವುದು ಬೇಡ, ಅಳತೆ ನನಗೆ ಬಾಯಿಪಾಠ ಇದೆ ಎಂದು ಅವನು ಬೆಳಿಗ್ಗೆಯಿಂದ ಹೇಳಿದ್ದ. ಅಷ್ಟು ಹೇಳಿದ್ದಕ್ಕೇ ಅವಳು ತಂದಿದ್ದಳು.

ಟ್ರೇಲರ್ ಬೇಕಾಗಿದ್ದುದು ಅವರ ಹಾಸಿಗೆ ಅಂಗಡಿಗೆ. ಹಾಗಂತ ಅವನು ಹೇಳಿದ್ದು. ಬಾಡಿಗೆ ವ್ಯಾನು ದುಬಾರಿ, ಹಳೆಯದೊಂದು ಟ್ರೇಲರ್ ಅಗ್ಗಕ್ಕೆ ಸಿಕ್ಕರೆ ಕಾರಿನ ಹಿಂದೆ ಸಿಕ್ಕಿಸಿಕೊಂಡು ಮನೆಮನೆಗೆ ಹಾಸಿಗೆ ತಲುಪಿಸಬಹುದು. ಮಾತು ಸರಿಯಾಗಿಯೇ ಇತ್ತು. ಆದರೆ ವರ್ಷಗಟ್ಟಲೆ ಬೈಕ್ ರೇಸಿನ ಹುಚ್ಚು ಹತ್ತಿಸಿಕೊಂಡು, ತೊಡೆಗೆ ರಾಡು ಹಾಕಿಸಿಕೊಂಡ ಮೇಲಷ್ಟೇ ಇನ್ನು ಆ ಕಡೆ ತಲೆ ಹಾಕುವುದಿಲ್ಲವೆಂದು ಮಾತು ಕೊಟ್ಟ ಮನುಷ್ಯ ಅವನು. ಅವನು ಸರಿಯಾದ ಮಾತು ಆಡಿದಾಗಲೇ ಅವಳ ಕಿವಿ ನೆಟ್ಟಗಾಗುವುದು. ಸಾಲದ್ದಕ್ಕೆ, ಎಷ್ಟು ಕರೆದರೂ ಎಲ್ಲಿಗೂ ಬಾರದ ಮಗಳು ಇವತ್ತು ತಾನಾಗಿ ಕಾರು ಹತ್ತಿ ಕೂತಿದ್ದಳು. ಟ್ರೇಲರ್ ನೋಡೋದಕ್ಕಂತೆ.

"ಹಾಸಿಗೆಗೆ ಇದೇ ಸರಿ ಸಾರ್," ಎಂದು ಟ್ರೇಲರ್ ಮಾರುವವನು ಸುತ್ತ ಹಲಗೆ ಇದ್ದ ಒಂದರ ಬೆನ್ನು ತಟ್ಟಿದ. ಹಾಸಿಗೆ ಅದರಲ್ಲಿ ಹೇಳಿ ಮಾಡಿಸಿದಂತೆ ಕೂತಿತು.

"ಚೆನ್ನಾಗೇನೋ ಇದೆ," ಎಂದ ಗಂಡ. "ಆದ್ರೆ ಎತ್ತರ ಜಾಸ್ತಿ ಆಯ್ತು. ಹತ್ತಿಸೋದು ಕಷ್ಟ."

"ಹಾಸಿಗೆನ ಎತ್ತಿ ಇಡ್ತಾರೆ ಕಣ್ರೀ. ಹತ್ತಿಸಲ್ಲ."

"ಅದೇ, ಎತ್ತೋದು."

ಅವನ ಕಾಲು ಆಗಲೇ ಮೂಲೆಯ ಕಡೆ ಎಳೆಯುತ್ತಿತ್ತು. ಅಲ್ಲೊಂದು ಗಿಡ್ಡ ಟ್ರೇಲರ್. ನೆಲವೆಂಬುದೇ ಇಲ್ಲ, ನಡುವೆ ಚೋಟಗಲದ ಕಬ್ಬಿಣದ ಕಾಲುವೆ, ಅದರ ಮುಂದೆ ಒಂದು ಕವೆ, ಹಿಂದೆ ಮಡಚಿಟ್ಟ ಉದ್ದನೆಯ ಹಲಗೆ. ನೋವಿನ ಕಾಲನ್ನು ಪಕ್ಕಕ್ಕೆ ಚಾಚಿ ಅವನು ಕುಕ್ಕರಗಾಲಲ್ಲಿ ಕೂತ. ಒಂದೊಂದೇ ಕೊಂಡಿಯನ್ನು ಎಳೆದು ನೋಡಿದ. ಮದುವೆಗೆ ಮುಂಚೆ ಅವಳನ್ನು ನೋಡಲು ಬಂದಾಗಲೂ ಅವನು ಇಷ್ಟು ಗಮನ ಕೊಟ್ಟು ನೋಡಿರಲಿಲ್ಲ.

"ಇದೇ ಎಲ್ಲಕ್ಕಿಂತ ಅಗ್ಗ," ಎಂದ, ಮಾರುವವನು ಹೇಳುವುದಕ್ಕೆ ಮೊದಲೇ.

ಅವಳು ಹಾಸಿಗೆ ತರಿಸಿದಳು. ಅದು ಎರಡೂ ಕಡೆ ಜೋತುಬಿದ್ದು, ಕತ್ತೆಯ ಮೇಲೆ ಹೇರಿದ ಮೂಟೆಯ ಹಾಗೆ ಕಂಡಿತು.

"ಬಿಗಿಯಾಗಿ ಕಟ್ಟಿದ್ರೆ ಕೂತ್ಕೊಳ್ಳುತ್ತೆ ಬಿಡು."

"ಈ ಕಾಲುವೆ ಯಾಕ್ರೀ?"

"ನೀರು ಬಿದ್ರೆ ಹರಿದುಹೋಗೋಕೆ."

"ಈ ಹಲಗೆ?"

"ತಳ್ಕೊಂಡು ಹತ್ತಿಸ್ಬಹುದಲ್ಲ."

"ನಮ್ಮ ಹಾಸಿಗೆಗೆ ಚಕ್ರ ಯಾವಾಗ ಬಂತು?"

ಮಾರುವವನು ನಗು ನುಂಗಿಕೊಂಡು ಕೆಮ್ಮಿದ. ಗಂಡ ನಗಲಿಲ್ಲ. ಅಲ್ಲಿಗೆ ಅವಳಿಗೆ ಖಾತ್ರಿಯಾಯಿತು: ಇವನು ಮತ್ತೆ ರೇಸಿಗೆ ಹೊರಟಿದ್ದಾನೆ. ಮನೆಗೆ ಹೋದ ಮೇಲೆ ಎಲ್ಲಿಂದ ಶುರು ಮಾಡಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದಳು.

"ಬೈಕಿಗೆ ಅಂತ ಮೊದಲೇ ಹೇಳೋದಲ್ವಾ ಸಾರ್," ಎಂದ ಮಾರುವವನು. "ಈ ಕಾಲುವೆಗೆ ದಪ್ಪ ಟೈರು ಇಳಿಯಲ್ಲ. ನಿಮ್ಮದು ಹಿಂದಿನ ಟೈರು ಎಷ್ಟು ಎಂಎಂ ಅಗಲ?"

ಗಂಡ ಬಾಯಿ ತೆರೆಯುವಷ್ಟರಲ್ಲಿ ಬೆನ್ನ ಹಿಂದಿನಿಂದ ದನಿ ಬಂತು.

"ನೂರಾ ಹತ್ತು. ಆರಾಮಾಗಿ ಕೂರುತ್ತೆ ಅಂಕಲ್."

ಹೇಳಿ ಮುಗಿಸಿದ ಮೇಲೆ ಮಗಳು ನಾಲಿಗೆ ಕಚ್ಚಿಕೊಂಡಳು.

ಗಂಡನ ಬೈಕಿನದು ನೂರಾ ಅರವತ್ತು. ಪ್ರತಿ ರೇಸಿನ ಮರುದಿನ ಆ ಟೈರಿನ ಸಂದಿಯಿಂದ ಕಲ್ಲು ಕೆದಕಿ ತೆಗೆದವಳಿಗೆ ಅದು ಮರೆಯುವ ಅಂಕಿಯಲ್ಲ. ನೂರಾ ಹತ್ತು ಎಂದರೆ ಚಿಕ್ಕ ಬೈಕು, ಹಗುರ ಮೈಯವರು ಏರುವಂಥದ್ದು. ಭಾನುವಾರದ ಕಂಪ್ಯೂಟರ್ ಕ್ಲಾಸು, ಅದಕ್ಕೆ ಅಪ್ಪನೇ ಬಿಟ್ಟುಬರುವುದು, ಬಾಗಿಲಿಗೆ ಬಡಿಸಿಕೊಂಡೆ ಎಂದು ಮಗಳು ಎಡಗೈ ಎತ್ತಲಾಗದೆ ಒಂದು ವಾರ ಅಮ್ಮನ ಕೈಲಿ ತಲೆ ಬಾಚಿಸಿಕೊಂಡಿದ್ದು. ಇಷ್ಟು ದಿನ ಅವಳು ಗಂಡನ ಜೇಬು ತಡಕಿದ್ದೇ ತಡಕಿದ್ದು. ಮಗಳ ಕಡೆ ತಿರುಗಿಯೂ ನೋಡಿರಲಿಲ್ಲ.

"ಚೆನ್ನಾಗಿ ಓಡಿಸ್ತಾಳೆ ಕಣೇ," ಎಂದ ಗಂಡ, ನೆಲ ನೋಡಿಕೊಂಡು. "ನನಗಿಂತ ಚೆನ್ನಾಗಿ. ಒಂದು ಸಲ ಗೆದ್ದುಬಿಡ್ಲಿ, ಆಮೇಲೆ ನಿನಗೆ ಹೇಳೋಣ ಅಂತಿದ್ವಿ."

"ಬಿದ್ದಿದ್ದಾಳಾ?"

"ಬಿದ್ದಿಲ್ಲ," ಎಂದ ಅವನು.

"ಬಿದ್ದಿಲ್ಲಮ್ಮ," ಎಂದಳು ಮಗಳು.

ಇಬ್ಬರ ಮಾತೂ ಒಟ್ಟಿಗೇ ಬಂತು, ಮನೆಯಲ್ಲಿ ಕೂತು ಅಭ್ಯಾಸ ಮಾಡಿಕೊಂಡು ಬಂದವರ ಹಾಗೆ.

ಬಿದ್ದವರ ಹೆಲ್ಮೆಟ್ಟಿನ ಮೇಲೆ ಗೀರು ಹೇಗೆ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಗಂಡನದನ್ನು ಮಡಿಲಲ್ಲಿಟ್ಟುಕೊಂಡು ಬೆಳಗು ಮಾಡಿದವಳು.

"ನಿನ್ನ ಹೆಲ್ಮೆಟ್ ಎಲ್ಲಿ ಪುಟ್ಟಿ?" ಎಂದಳು ಮೆತ್ತಗೆ.

ಮಗಳ ಕಣ್ಣು ಅರೆಗಳಿಗೆ ಕಾರಿನ ಹಿಂಭಾಗಕ್ಕೆ ಹೋಗಿ ಬಂತು. ಮಾರುವವನು ಏನೋ ನೆನಪಾದವನಂತೆ ಸಾಲಿನ ಆಚೆ ಸರಿದುಹೋದ.

"ಡಿಕ್ಕಿ ತೆಗೀರಿ," ಎಂದಳು ಗಂಡನಿಗೆ.

ಕೀಲಿಕೈ ಅವನ ಮುಷ್ಟಿಯಲ್ಲೇ ಇತ್ತು. ಆ ಮುಷ್ಟಿ ಬಿಚ್ಚಲಿಲ್ಲ.