ಕೈಕೊಟ್ಟವಳು

ಆಟಗಾರರು ಊರೂರು ಅಲೆಯುವುದು ನಿಂತು ಬಹಳ ಕಾಲವಾಗಿದೆ. ಧಾರವಾಡದ ಗುರುಶಾಂತಪ್ಪನವರು ಈ ವರ್ಷ ಮನೆಯ ಕುರ್ಚಿಯಲ್ಲೇ ಕೂತು, ಆಯಾ ಊರಿನವರ ಮೈ ತೊಟ್ಟು, ಹದಿನಾಲ್ಕು ದೇಶಗಳಲ್ಲಿ ಸ್ನೂಕರ್ ಆಡಿದರು. ಕೊನೆಯದು ದೋಹಾದಲ್ಲಿ, ಅಲ್ಲಿ ನೆಲೆಸಿದ ಕನ್ನಡತಿಯಾದ ನನ್ನ ಮೈಯಲ್ಲಿ.

ಆಟ, ಬಹುಮಾನ ಎಲ್ಲ ಮುಗಿಯುವ ತನಕ ನನ್ನ ಕಣ್ಣು, ಕತ್ತು, ಕೈಕಾಲು ಅವರ ವಶ. ಸ್ಪರ್ಶ ಮತ್ತು ಬಾಯಿ ಮಾತ್ರ ನನ್ನವು. ಚೆಂಡಿಗೆ ಏನಾದರೂ ತಾಗಿದರೆ ಅವರಿಗೆ ತಿಳಿಯದು; 'ಫೌಲ್' ಎಂದು ನಾನೇ ಹೇಳಬೇಕು.

ಬಳೆ, ಉಂಗುರ ತೆಗೆದಿಡಬೇಕೆಂದು ನಿಯಮ. ಮುತ್ತೈದೆಯ ಕೈ ಬರಿದಾಗಬಾರದೆಂದು ನಾನು ಒಂದು ಗಾಜಿನ ಬಳೆಯನ್ನು ಅಂಗಿಯ ತೋಳಿನೊಳಗೆ ಉಳಿಸಿಕೊಂಡಿದ್ದೆ. ಕೊನೆಯ ಫ್ರೇಮಿನಲ್ಲಿ ಅದು ತೋಳಿನಂಚಿಗೆ ಜಾರಿ ಗುಲಾಬಿ ಚೆಂಡಿಗೆ ತಾಗಿತು. ರೆಫರಿಗೆ ಕಾಣಲಿಲ್ಲ. ಹೇಳಿದರೆ ಬಳೆಯನ್ನೂ ತೋರಿಸಬೇಕಲ್ಲ ಎಂದು ಸುಮ್ಮನಾದೆ. ಅವರು ಗೆದ್ದರು.

"ತಂಗೀ," ಕಿವಿಯೊಳಗೆ ಅವರ ದನಿ ಕೇಳಿಸಿತು. "ಹದಿನಾಲ್ಕು ಮಂದಿ ನನಗ ಕೈ ಕೊಟ್ರಿ. ಒಬ್ಬರೂ ಕೈಕೊಡಲಿಲ್ಲ ನೋಡವಾ."

ನನ್ನ ಕೈಗಳಿಂದ ಟ್ರೋಫಿಯನ್ನು ತಲೆಯ ಮೇಲೆ ಎತ್ತಿ ನೋಡಿದರು. ಅಂಗಿಯ ತೋಳು ಜಾರಿತು. ಕಣ್ಣು ಹೋಗಿ ಬಳೆಯ ಮೇಲೆ ನಿಂತಿತು.

"ತಾಗಿತ್ತೇನು?"

"ಹೌದು ಸರ್. ಪಿಂಕ್‌ಗೆ."

ಅವರು ಬೈಯಲಿಲ್ಲ. ಟ್ರೋಫಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಕೈ ನಾ ಎತ್ತತೀನಿ. ಬಾಯಿ ನೀ ಬಿಡು."

ರೆಫರಿಯ ಕಡೆಗೆ ನನ್ನ ಎಡಗೈ ಮೇಲೇರಿತು. "ಫೌಲ್," ಎಂದೆ.

ಸಭಾಂಗಣವೆಲ್ಲ ಎದ್ದು ನಿಂತು ಗುರುಶಾಂತಪ್ಪನವರ ಪ್ರಾಮಾಣಿಕತೆಗೆ ಚಪ್ಪಾಳೆ ತಟ್ಟಿತು. ನನಗೆ ತಲೆ ತಗ್ಗಿಸಬೇಕಿತ್ತು. ಕತ್ತು ಇನ್ನೂ ಅವರ ವಶದಲ್ಲೇ ಇತ್ತು.