ಹಾಲಿನ ಪುಡಿಯ ಚಹಾ

ಹಾಲಿನ ಪುಡಿಯ ಡಬ್ಬಿ ತೆರೆದಾಗಲೆಲ್ಲ ಇಂದಿಗೂ ಮಾಡಗ್ಯಾಳದ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ಮಿಷನ್ ದವಾಖಾನೆಯ ನರ್ಸ್. ಅವಳೂ ಮಿಷನ್ನಿನ ಬಿಳಿಯ ಮಿಸ್ಸಿಬಾಯಿಯೂ ಪ್ರಾರ್ಥನೆಗೆಂದು ಆ ಹಳ್ಳಿಗೆ ಹೊರಟಾಗ ನಾನೂ ಜೊತೆಗೆ ಹೋಗಿದ್ದೆ. ನಾವು ಹೋದ ಮನೆಯ ಶಿವಕ್ಕನ ಗಂಡ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಮನೆಯಲ್ಲಿ ಹಾಲಿಲ್ಲದೆ ಕೂಸು ಸೊರಗಿತ್ತು. ಮಿಸ್ಸಿಬಾಯಿ ಕೂಸಿಗೆಂದು ಪುಡಿಯ ಡಬ್ಬಿ ಕೊಟ್ಟರು. ಶಿವಕ್ಕ ಒಲೆ ಹೊತ್ತಿಸಿ, ಅದೇ ಪುಡಿ ಕದಡಿ ನಮಗೇ ಬೆಲ್ಲದ ಚಹಾ ಮಾಡಿದಳು!

“ಇದು ಮಗುವಿನದು, ನಮಗೆ ಬೇಡ,” ಎಂದು ಮಿಸ್ಸಿಬಾಯಿ ಚಹಾದ ಬಶಿ ಸರಿಸಿದರು.

“ಮನಿಗೆ ಬಂದವ್ರಿಗೆ ಕರೀ ಚಾ ಕೊಡ್ಲೇನ್ರಿ? ಕುಡ್ಯಾಂಗಿಲ್ಲಂದ್ರ ಡಬ್ಬೀನೂ ಒಯ್ರಿ,” ಎಂದಳು ಶಿವಕ್ಕ.

“ಲಗೂನ ಕುಡೀರಿ ಬಾಯಿ, ಖರೇನ ತಿರುಗಿ ಕೊಡ್ತಾಳ ಆಕಿ,” ಎಂದು ಅವ್ವ ಪಿಸುಗುಟ್ಟಿದಳು.

ಮಿಸ್ಸಿಬಾಯಿ ಊದಿ ಊದಿ, ಸೊರ್ರೆಂದು ಪೂರಾ ಕುಡಿದರು. ಶಿವಕ್ಕ ನಕ್ಕು, ಡಬ್ಬಿಯನ್ನು ಸೆರಗಿನಿಂದ ಒರೆಸಿ ತೊಟ್ಟಿಲ ಬಳಿ ಇಟ್ಟಳು.

“ಇನ್ನ ಉಳಿದದ್ದು ನಮ್ಮ ಕೂಸಿಂದು ನೋಡ್ರಿ.”