ಸೀದ ಅಂಚು

ಹುಬ್ಬಳ್ಳಿಯ ಎಲ್ಲ ಮನೆಗಳಲ್ಲಿದ್ದಂತೆ ಚನ್ನವ್ವನ ಸಿಂಕಿನ ಕೆಳಗೂ ಮುಸುರೆ ಯಂತ್ರವಿತ್ತು. ತಟ್ಟೆಯಲ್ಲಿ ಬಿಟ್ಟದ್ದನ್ನು ಹಾಕಿದರೆ ಸಾಕು, ಉಂಡವರು ಯಾರೆಂದು ಹೇಳುತ್ತಿತ್ತು. ಗಂಡ ವಿರೂಪಾಕ್ಷಪ್ಪ ಜೋಳದ ರೊಟ್ಟಿಯ ಸೀದ ಅಂಚನ್ನು ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದ. ಅವನು ತೀರಿಕೊಂಡ ಮೇಲೂ ಚನ್ನವ್ವ ದಿನಾ ಒಂದು ರೊಟ್ಟಿಯ ಅಂಚು ಮುರಿದು ಹಾಕುತ್ತಿದ್ದಳು. ಯಂತ್ರಕ್ಕೆ ಸಾವು ತಿಳಿಯದು, ಅಂಚು ತಿಳಿಯುತ್ತದೆ.

"ವಿರೂಪಾಕ್ಷಪ್ಪನವರ ಊಟ ಆಯಿತು" ಎಂದಿತು ಯಂತ್ರ, ಆ ದಿನವೂ.

ತವರಿಗೆ ಬಂದಿದ್ದ ಮಗಳು ಸುವರ್ಣಾ ಬೆಚ್ಚಿದಳು. "ಯವ್ವಾ, ಇದೇನ್ ಮಾಡಾಕತ್ತೀ?"

"ಅವರು ಉಣ್ಣೂಕಿಂತ ಮೊದಲ ನಾ ಎಂದಾರ ಉಂಡೀನೇನ?" ಎನ್ನುತ್ತ ಚನ್ನವ್ವ ತಟ್ಟೆ ಹಾಕಿಕೊಂಡಳು.

ಇದು ಒಳ್ಳೆಯದಲ್ಲ ಅನ್ನಿಸಿತು ಸುವರ್ಣಾಳಿಗೆ. ಮರುದಿನ ಅವ್ವ ಜಳಕಕ್ಕೆ ಹೋದಾಗ ಯಂತ್ರದಿಂದ ಅಪ್ಪನ ಹೆಸರು ಅಳಿಸಿದಳು.

ಮಧ್ಯಾಹ್ನ ಚನ್ನವ್ವ ಬಿಸಿ ರೊಟ್ಟಿಯ ಅಂಚು ಮುರಿದು ಹಾಕಿದಳು. ಯಂತ್ರ ಗುರ್ ಎಂದು ಅರೆಯಿತು.

"ಯಾರೋ ಹೊರಗಿನವರ ಊಟ ಆಯಿತು."

ಚನ್ನವ್ವ ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಹಾಕಿದಳು. ಆಮೇಲೆ ರೊಟ್ಟಿ ಬುಟ್ಟಿಯ ಮೇಲೆ ಅರಿವೆ ಮುಚ್ಚಿದಳು.

"ಉಣ್ಣ ಬಾರವ್ವಾ" ಎಂದು ಸುವರ್ಣಾ ಕರೆದಳು.

"ನೀ ಉಣ್ಣು" ಎಂದಳು ಚನ್ನವ್ವ, ತನ್ನ ತಟ್ಟೆಯನ್ನು ಬೋರಲು ಹಾಕುತ್ತ. "ಅವರು ಇನ್ನೂ ಬಂದಿಲ್ಲಲ್ಲ."